ನನ್ನ ಹಿಂದ ಬರ್ರಿ

ಚಟ್ಟದ ಹಗ್ಗದ ಗಂಟು ಮೂರನೇ ಸಲ ಜಾರಿತು. ಗುರುನಾಥ ಮತ್ತೆ ಕಟ್ಟಲು ಕೂತ. ಇಪ್ಪತ್ತೆರಡು ವರ್ಷ ಸರ್ಕಾರಿ ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಕೈ, ಇವತ್ತು ಬಿದಿರಿಗೆ ಹಗ್ಗ ಸುತ್ತಲು ಒಲ್ಲೆ ಎನ್ನುತ್ತಿತ್ತು.

ಬೇವಿನ ಗಿಡದ ಕೆಳಗೆ ಕೂತವರಲ್ಲಿ ನೆರೆಮನೆಯ ಶ್ರೀಮಂತನೂ ಇದ್ದ. ಅವನು ಪಿಸುಗುಟ್ಟಿದರೂ ಓಣಿಯ ಆ ತುದಿಗೆ ಕೇಳುತ್ತದೆ, ಅಂಥ ಗಂಟಲು.

"ಅಫಜಲಪುರ ದವಾಖಾನ್ಯಾಗ ಮೂವತ್ತು ವರ್ಷ ಕುಡುಕರನ್ನ ಡಾಕ್ಟರ್ ಮುಂದ ನಿಲ್ಲಿಸಿದಾಂವ, ಕಡೀಗೆ ತಾನೇ ಕುಡಿದು ಬಿದ್ದ ನೋಡ್ರಿ. ಅಂಗಿ ಗಮ್ಮಂತ ನಾರತಿತ್ತಂತ."

"ಏ, ಶಿವರಾಯ ಕುಡೀತಿದ್ದಿಲ್ಲೋ ಮಾರಾಯ."

"ಹಂಗಾದ್ರ ಬಸ್‌ಸ್ಟ್ಯಾಂಡ್ ಮುಂದ ತೂರಾಡಿದಾಂವ ಯಾರು, ನಮ್ಮಪ್ಪೇನು?"

ಬುದ್ಧನ ಫೋಟೋದ ಮುಂದೆ ಮೇಣದಬತ್ತಿ ಹಚ್ಚುತ್ತಿದ್ದ ಶಿವರಾಯನ ಮಗಳು ಪಂಚಶೀಲಾಳ ಕೈ ಅಲ್ಲೇ ನಿಂತಿತು. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುವ ಹುಡುಗಿ, ರಾತ್ರಿಯಿಂದ ಒಂದು ಹನಿ ನೀರು ಮುಟ್ಟಿಲ್ಲ. ಅಪ್ಪನ ಜೊತೆ ಅವನ ಹೆಸರನ್ನೂ ಇವರು ಹೂಳಿಬಿಡುತ್ತಾರಲ್ಲ ಎಂಬ ಸಂಕಟ ಅವಳ ಮುಖದಲ್ಲೇ ಕಾಣುತ್ತಿತ್ತು.

ಗುರುನಾಥ ತಲೆ ಎತ್ತಲಿಲ್ಲ. ತೂರಾಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ನಿನ್ನೆ ಬೆಳಿಗ್ಗೆ ಏಳಕ್ಕೆ ಕಲಬುರಗಿ ಬಸ್ಸು ಹೊರಡಿಸುವಾಗ, ಹಾಲಿನ ಕ್ಯಾನು ಹಿಡಿದ ಶಿವರಾಯ ಕಿಟಕಿಯ ಕೆಳಗೇ ಕಂಬಕ್ಕೆ ವಾಲಿದ್ದ, ಮೇಲೆ ನೋಡಿ ಏನೋ ತೊದಲಿದ್ದ. ಗಪ್ಪನೆ ವಾಸನೆ ಬಂತು. 'ಅಯ್ಯೋ, ಈ ಮನಿಶ್ಯಾನೂ ಶುರು ಹಚ್ಚಿದನಲ್ಲ' ಎಂದುಕೊಂಡು ಗುರುನಾಥ ಗೇರು ಹಾಕಿ ಹೋಗಿಬಿಟ್ಟ. ಆಮೇಲೆ ಬಿದ್ದವನನ್ನು ಅರ್ಧ ತಾಸು ಯಾರೂ ಎತ್ತಲಿಲ್ಲ. ಬಾಳೆಹಣ್ಣು ಮಾರುವ ಮುಮತಾಜ ಆಟೋ ತರಿಸುವಷ್ಟರಲ್ಲಿ ಜೀವ ಹೋಗಿತ್ತು.

ಬೇರೆ ಯಾರಾದರೂ ಹಾಗೆ ಅಂದುಕೊಂಡಿದ್ದರೆ ಅದು ಬೇರೆ ಮಾತು. ಗುರುನಾಥ ಅಂದುಕೊಳ್ಳಬಾರದಿತ್ತು.

*

ಹನ್ನೊಂದು ವರ್ಷದ ಹಿಂದೆ ಇದೇ ಗುರುನಾಥ ತನ್ನ ಬಸ್ಸನ್ನು ಡಿಪೋದ ಗೇಟಿಗೆ ಗುದ್ದಿದ್ದ. ಇಳಿದವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ನಾಲಿಗೆ ಹೊರಳಲಿಲ್ಲ. ಅದೇ ದಿನ ಯಾರೋ ಪ್ರಯಾಣಿಕನ ಬಾಟಲಿ ಒಡೆದು ಇವನ ಪ್ಯಾಂಟು ತೊಯ್ದಿತ್ತು. ಮತ್ತೇನು ಬೇಕು? ಪೊಲೀಸರು ದವಾಖಾನೆಗೆ ಎಳೆದು ತಂದರು.

"ವಾಸನಿ ಹೊಡ್ಯಾಕತ್ತದಲ್ರಿ ಸಾಹೇಬ್ರ, ಬರದು ಕೊಡ್ರಿ, ಮುಗಿತು," ಎಂದ ಪೇದೆ.

"ವಾಸನಿ ನೋಡಿ ಬರಿಯೋದಾದ್ರ ನಾ ಯಾಕ ಬೇಕು?" ಎಂದರು ಡಾಕ್ಟರ್ ವ್ಯಂಕಟೇಶ. ಒಪ್ಪಿಗೆಗೆ ಸಹಿ ಹಾಕಿಸಿದರು, ಕಣ್ಣಿಗೆ ಬ್ಯಾಟರಿ ಬಿಟ್ಟರು, ರಕ್ತ ತೆಗೆದರು. "ಶಿವರಾಯ, ಗೆರಿ ಹಾಕಪಾ."

ಜವಾನ ಶಿವರಾಯ ಸೀಮೆಸುಣ್ಣದಿಂದ ನೆಲದ ಮೇಲೆ ಉದ್ದಕ್ಕೆ ಗೆರೆ ಎಳೆದ. ಕುಡಿದವರು ಅದರ ಮೇಲೆ ನೆಟ್ಟಗೆ ನಡೆಯಲಾರರು, ಅದೇ ಪರೀಕ್ಷೆ. ಬಾಗಿಲಲ್ಲಿ ಜನ ಹಣಿಕಿ ಹಾಕಿ ನಗುತ್ತಿದ್ದರು. ಆಗ ಅವನು ಮಾಡಿದ್ದನ್ನು ಗುರುನಾಥ ಸಾಯುವವರೆಗೂ ಮರೆಯಲಾರ. ಶಿವರಾಯ ತನ್ನ ಚಪ್ಪಲಿ ಬಿಟ್ಟು, ತಾನೇ ಗೆರೆಯ ಮೇಲೆ ನಿಂತು, "ನನ್ನ ಹಿಂದ ಬರ್ರಿ," ಎಂದ. ಹಿಮ್ಮಡಿಗೆ ಬೆರಳು ತಾಗಿಸಿ ನಡೆದ. ಎಂಥ ಕುಡುಕ ಬಂದರೂ ಹಾಗೆಯೇ ಮಾಡುತ್ತಿದ್ದನಂತೆ. ನಗುವವರು ನಗಲಿ, ಇಬ್ಬರನ್ನೂ ನೋಡಿ ನಗಲಿ, ಅಷ್ಟೇ ಅವನ ಲೆಕ್ಕ.

ಗುರುನಾಥ ಎರಡನೇ ಹೆಜ್ಜೆಗೇ ಮುಗ್ಗರಿಸಿದ. ಹಿಡಿದುಕೊಂಡ ಶಿವರಾಯ ಸುಮ್ಮನಾಗಲಿಲ್ಲ.

"ಸಾಹೇಬ್ರ, ಮೈ ತಣ್ಣಗ ಬೆವತದ್ರಿ. ಜರಾ ಸಕ್ಕರಿ ನೋಡ್ರಿ."

ಸಕ್ಕರೆ ನಲವತ್ತೆರಡಕ್ಕೆ ಇಳಿದಿತ್ತು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಊಟ ಬಿಟ್ಟು, ಡ್ಯೂಟಿಗೆ ಹೋಗಿದ್ದ ಭೂಪ! ಶಿವರಾಯ ಸಕ್ಕರೆ ನೀರು ಕುಡಿಸಿದ. ಕಾಲು ತಾಸಿನ ಮೇಲೆ ಗುರುನಾಥ ಅದೇ ಗೆರೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದ. ರಕ್ತದಲ್ಲಿ ದಾರೂ ಇಲ್ಲವೆಂದು ವರದಿ ಬಂತು, ನೌಕರಿ ಉಳಿಯಿತು.

*

"ತಮ್ಮಾ, ಯಾರು? ಗುರುನಾಥೇನು?"

ಬಿಳಿ ಬಟ್ಟೆ ತರಲು ಒಳಗೆ ಬಂದವನನ್ನು ಮಂಚದ ಮೇಲಿಂದ ಮಲ್ಕಮ್ಮ ಕರೆದಳು. ಶಿವರಾಯನ ಹೆಂಡತಿ, ಗುರುನಾಥನಿಗೆ ಅತ್ತಿಗೆಯ ಸಮಾನ, ಮೂರು ವರ್ಷದಿಂದ ಹಾಸಿಗೆ ಹಿಡಿದವಳು. ತಲೆದಿಂಬಿನ ಪಕ್ಕ ನೀಲಿ ಬಾಟಲಿ ಇತ್ತು. ಮುಚ್ಚಳ ಸಡಿಲವಾಗಿದ್ದ ಅದರಿಂದ ನಿನ್ನೆಯ ಅದೇ ವಾಸನೆ.

"ವೈನಿ, ಇದೇನು?"

"ಸ್ಪಿರಿಟ್ಟಪಾ. ಬೆನ್ನಿಗೆ ಹುಣ್ಣಾಗಬಾರ್ದಂತ ದಿನಾ ಹಚ್ಚತಿದ್ದ. ನಿನ್ನೆ ಮುಂಜಾನೆ ಎಡಗೈ ಜುಮು ಜುಮು ಅಂತದ ಅಂದ. ಬಾಟ್ಲಿ ಜಾರಿ ಅಂಗಿ ಮ್ಯಾಲೇ ಚೆಲ್ಲಿಕೊಂಡ. ಬ್ಯಾರೆ ಅಂಗಿ ಹಾಕ್ಕೋ ಅಂದೆ. ಹಾಲಿಗೆ ಹೊತ್ತಾತು, ಬಂದು ಹಾಕ್ಕೋತೀನಿ ಅಂದ..."

ಗುರುನಾಥ ಬಾಟಲಿ ಕೈಗೆತ್ತಿಕೊಂಡ. ಎಡಗೈ ಜುಮು ಜುಮು, ತೊದಲು, ಓಲಾಟ. ಅದು ಲಕ್ವಾ, ಪಾರ್ಶ್ವವಾಯು. ಮಾತು ಕೇಳುವ ಪುಣ್ಯಾತ್ಮ ಒಬ್ಬ ಬಸ್ಸಿನ ಕಿಟಕಿಯಲ್ಲಿ ಕೂತಿದ್ದಾನೆಂದು ನಂಬಿ ಶಿವರಾಯ ಮೇಲೆ ನೋಡಿದ್ದ.

ಬಾಟಲಿ ಹಿಡಿದುಕೊಂಡೇ ಅವನು ಅಂಗಳಕ್ಕೆ ಬಂದ. ಸುಮ್ಮನಿದ್ದರೆ ಅವನ ಮರ್ಯಾದೆ ಉಳಿಯುತ್ತಿತ್ತು, ಶಿವರಾಯನದು ಹೋಗುತ್ತಿತ್ತು.

"ಶ್ರೀಮಂತಣ್ಣ, ಇದನ್ನ ಮೂಸಿ ನೋಡ್ರಿ. ಅಂಗಿ ಮ್ಯಾಲಿದ್ದದ್ದು ಇದು. ವೈನಿ ಬೆನ್ನಿಗೆ ಹಚ್ಚೋ ಔಷಧ. ಅಂವ ಕುಡಿದಿದ್ದಿಲ್ಲ, ಲಕ್ವಾ ಹೊಡದಿತ್ತು."

"ನಿನಗ ಹ್ಯಾಂಗ ಗೊತ್ತಲೇ?"

"ನಾ ಅಲ್ಲೇ ಇದ್ದೆ. ನನ್ನ ಕಡಿ ನೋಡಿ ಏನೋ ಅಂದ. ಕುಡದಾನ ಅಂದ್ಕೊಂಡು ಬಸ್ ಹೊಡಕೊಂಡು ಹೋಗೇನಿ." ಬಾಟಲಿಯನ್ನು ಶ್ರೀಮಂತನ ಕೈಗಿಟ್ಟ. "ನನ್ನ ನೌಕರಿ ಉಳಿಸಿದಾಂವನ್ನ ನಾನೇ ಬಿಟ್ಟು ಹೋಗೇನಿ. ಬೈಯೋದಿದ್ರ ನನಗ ಬೈರಿ. ಅಂವಗ ಒಂದು ಮಾತು ಅನಬ್ಯಾಡ್ರಿ."

ಶ್ರೀಮಂತ ಬಾಟಲಿ ಮೂಸಿ, ನೆಲ ನೋಡಿದ.

ಪಂಚಶೀಲಾ ಗುರುನಾಥನನ್ನೇ ನೋಡಿದಳು. ಅಷ್ಟರಲ್ಲಿ ಬುದ್ಧನ ಫೋಟೋದ ಮುಂದೆ ತ್ರಿಸರಣದ ಪ್ರಾರ್ಥನೆ ಹೇಳಿ ಮುಗಿಯಿತು. ಮೂವರು ಚಟ್ಟಕ್ಕೆ ಹೆಗಲು ಕೊಟ್ಟರು. ಮುಂದಿನ ಎಡಗಡೆ ಖಾಲಿ ಇತ್ತು. ಗುರುನಾಥ ಗೋಡೆಗೆ ಅಂಟಿ ನಿಂತಿದ್ದ, ಮುಂದೆ ಬರುವ ಧೈರ್ಯವಿರಲಿಲ್ಲ.

ಹುಡುಗಿ ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟು ಚಟ್ಟದ ಮುಂದೆ ಬಂದು ನಿಂತಳು.

"ಕಾಕಾ," ಎಂದಳು. "ನನ್ನ ಹಿಂದ ಬರ್ರಿ."

ಸಿಮೆಂಟ್ ರಸ್ತೆಯ ನಟ್ಟನಡುವೆ ಅವಳು ನೆಟ್ಟಗೆ ನಡೆದಳು. ಹೆಗಲು ಕೊಟ್ಟ ಗುರುನಾಥ ಮೊದಲ ಹೆಜ್ಜೆಗೆ ತಡವರಿಸಿದ, ಆಮೇಲೆ ಅವಳ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟ.

ಹೊಸ್ತಿಲ ಕೆಳಗೆ ಶಿವರಾಯನ ಸವೆದ ಚಪ್ಪಲಿಗಳ ಪಕ್ಕ ಮಗಳ ಜೋಡು, ಅದರ ಪಕ್ಕ ಡ್ರೈವರನ ಜೋಡು. ತುಸು ತಡವಾಗಿ, ಶ್ರೀಮಂತನ ಜೋಡೂ.