ಸ್ಪ್ರಿಂಗಿಗೆ ಬದಲು ನಳಿಕೆ

ಕಾರ್ಖಾನೆಯ ಖರೀದಿ ಅಧಿಕಾರಿಗೆ ಲಾಕ್‌ಡೌನಿನಲ್ಲಿ ಅಡುಗೆಮನೆಯೇ ಆಫೀಸು. ಪಡಸಾಲೆಯಲ್ಲಿ ಗಂಡನ ಆನ್‌ಲೈನ್ ಪಾಠ, ಕೋಣೆಯಲ್ಲಿ ಅತ್ತೆಯ ಟಿವಿ. ಹಾಗಾಗಿ ಅವಳ ಲ್ಯಾಪ್‌ಟಾಪು ಮಿಕ್ಸಿಯ ಪಕ್ಕ ಬಂದು ಕೂತಿತ್ತು.

ಅವರ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಸ್ಯಾನಿಟೈಸರ್ ಬಾಟಲಿಯ ಒತ್ತುವ ಪಂಪು. ರೋಗ ಹಬ್ಬಿದ ಮೇಲೆ ಬೇಡಿಕೆ ಮುಗಿಲು ಮುಟ್ಟಿತ್ತು. ಆದರೆ ಪಂಪಿನೊಳಗಿನ ಪುಟ್ಟ ಸ್ಪ್ರಿಂಗು ಸಮುದ್ರದಾಚೆಯ ಒಬ್ಬನೇ ಮಾರಾಟಗಾರನಿಂದ ಬರಬೇಕು. ಅಲ್ಲಿಯ ಬಂದರೇ ಮುಚ್ಚಿತು.

“ಮಷಿನ್ ನಿಲ್ಲಿಸ್ಬೇಕಾಗುತ್ತೆ ಕಣಮ್ಮ,” ಎಂದರು ಕಾರ್ಖಾನೆಯ ಯಜಮಾನರು ಫೋನಿನಲ್ಲಿ.

ಗೊತ್ತಿದ್ದವರಿಗೆಲ್ಲ ಫೋನು ಮಾಡಿ ಸೋತಳು. ಉಳಿದವನು ಅಂಥದೇ ಪಂಪು ಮಾಡುವ ಎದುರಾಳಿ ಕಾರ್ಖಾನೆಯ ಖರೀದಿಗಾರ. ಚೌಕಾಸಿಗೆ ಕೂತರೆ ಜಗ್ಗದ ಅವನಿಗೆ ಪೇಟೆಯಲ್ಲಿ ‘ಕಬ್ಬಿಣದ ಕಡಲೆ’ ಎಂದೇ ಹೆಸರು. ಎರಡು ಕಾರ್ಖಾನೆಗಳಿಗೂ ಹಾವು ಮುಂಗುಸಿ ಸಂಬಂಧ. ಆದದ್ದಾಗಲಿ ಎಂದು ಅವನ ನಂಬರು ಒತ್ತಿದಳು.

“ಒಂದ್ನಿಮಿಷ ಮೇಡಂ, ಕುಕ್ಕರ್ ಆರಿಸ್ಬಿಟ್ಟು ಬರ್ತೀನಿ. ನನ್ನ ಹೆಂಡ್ತಿ ನರ್ಸು, ಆಸ್ಪತ್ರೇಲೇ ಉಳ್ಕೊಂಡಿದಾಳೆ. ಈಗ ಮಕ್ಕಳಿಗೆ ನಾನೇ ಅಮ್ಮ, ನಾನೇ ಅಪ್ಪ.”

ಅವನು ಮರಳಿದಾಗ ಅವಳು ಸುತ್ತಿಬಳಸಲಿಲ್ಲ. “ನಿಮ್ಮತ್ರ ಸ್ಪ್ರಿಂಗ್ ಇದ್ಯಾ?”

“ಮೊದಲೇ ತರಿಸಿಟ್ಟಿದ್ದು ಗೋದಾಮು ತುಂಬ ಇದೆ. ಆದ್ರೆ ನಮಗೆ ಪಂಪಿನ ನಳಿಕೆ ಕೊಡ್ತಿದ್ದೋರು ಬಾಗಿಲು ಹಾಕಿದಾರೆ. ಬರೀ ಸ್ಪ್ರಿಂಗ್ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?”

“ನಳಿಕೆ ನಾವೇ ಮಾಡ್ತೀವಲ್ಲ! ಬದಲಾಯಿಸ್ಕೊಳ್ಳೋಣ್ವಾ?”

ಹೊಂದುತ್ತದೋ ನೋಡಲು ಇಬ್ಬರೂ ಒಂದೊಂದು ಪೊಟ್ಟಣ ಅದಲುಬದಲು ಮಾಡಿಕೊಂಡರು. ಅವಳ ಕಾರ್ಖಾನೆಯ ಮೇಸ್ತ್ರಿ ಪಂಪು ಜೋಡಿಸಿ, ವಿಡಿಯೋ ಕರೆಯಲ್ಲಿ ಒತ್ತಿ ತೋರಿಸಿದ. ನೀರು ಚಿಮ್ಮಿ ಕ್ಯಾಮೆರಾಗೇ ಬಡಿಯಿತು.

ಯಜಮಾನರು ಮಾತ್ರ ಒಪ್ಪಲೊಲ್ಲರು. “ಅವರ ಬಾಗಿಲಿಗೆ ಹೋಗೋದಾ? ನಮ್ಮ ಮರ್ಯಾದೆ?”

“ಮರ್ಯಾದೆ ಮಷಿನ್‌ಗೆ ಹಾಕಿದ್ರೆ ಪಂಪ್ ಬರಲ್ಲ ಸಾರ್.”

“ಸರಿಯಾಗ್ ಹೇಳ್ದೆ!” ಎಂದರು ಅತ್ತೆ ಕೋಣೆಯಿಂದಲೇ. ಟಿವಿಯ ಸದ್ದು ಯಾವಾಗಲೋ ನಿಂತಿತ್ತು. ಯಜಮಾನರಿಗೂ ಅತ್ತೆಯ ಮಾತು ಕೇಳಿಸಿರಬೇಕು. “ಆಯ್ತಮ್ಮ, ಕಳಿಸು,” ಎಂದು ಫೋನಿಟ್ಟರು.

ಎರಡೂ ಕಡೆಯ ಯಂತ್ರಗಳು ನಿಲ್ಲಲಿಲ್ಲ. ಮೊದಲ ಸರಕು ಆಸ್ಪತ್ರೆಗಳಿಗೇ ಹೋಗಬೇಕೆಂದು ಅವಳೂ ಅವನೂ ಹಟ ಹಿಡಿದರು, ಹಾಗೇ ಆಯಿತು. ಬಂದರು ತೆರೆದ ಮೇಲೂ ಯಾರೂ ಒಬ್ಬ ಮಾರಾಟಗಾರನನ್ನೇ ನೆಚ್ಚಿ ಕೂರಲಿಲ್ಲ. ಹತ್ತಿರದಲ್ಲೇ ಸ್ಪ್ರಿಂಗು ಸುತ್ತುವವರೊಬ್ಬರನ್ನು ಹುಡುಕಿ, ಇಬ್ಬರೂ ಸೇರಿ ಅವರಿಗೂ ಕೆಲಸ ಕೊಟ್ಟರು.