ದೀಪ ಆರದ ಬಾವಿ

ಮನೆಗೆ ನಳ ಬಂದ ಮೇಲೆ ಹಿತ್ತಲ ಬಾವಿಯನ್ನು ಕೇಳುವವರು ಯಾರು? ರಾರಾವಿ ಊರಿನ ಹುಲುಗಮ್ಮನ ಮನೆಯ ಬಾವಿಗೂ ಅದೇ ಗತಿಯಾಗಿತ್ತು. ರಾಟೆ ತುಕ್ಕು ಹಿಡಿದಿತ್ತು, ಕಟ್ಟೆಯ ಕಲ್ಲು ಸಡಿಲಾಗಿತ್ತು, ನೀರು ಬತ್ತಿ ತಳದಲ್ಲಿ ಹೂಳಷ್ಟೇ ಉಳಿದಿತ್ತು. ಬಾವಿಯಿಂದ ಸೇದುವುದು ನಿಂತರೂ ಬಾವಿಗೆ ಹಾಕುವುದು ಮಾತ್ರ ನಿಂತಿರಲಿಲ್ಲ. ದೇವರಿಗೆ ಏರಿಸಿದ ಹೂವನ್ನು ತಿಪ್ಪೆಗೆ ಹಾಕಬಾರದು, ಕಾಲಲ್ಲಿ ತುಳಿಯಬಾರದು ಎಂದು ಓಣಿಯ ಹೆಂಗಸರೆಲ್ಲ ಬಾಡಿದ ಹಾರ, ಕಳಸದ ಕಾಯಿ, ಬಾಳೆಕಂಬ, ಹರಿದ ದೇವರ ಪಟ ತಂದು ಅದರೊಳಗೆ ಬಿಡುತ್ತಿದ್ದರು. ಹೊಳೆಯ ತನಕ ನಡೆದರೆ ಕಾಲು ನೋಯುತ್ತದೆ, ಹುಲುಗಮ್ಮನ ಹಿತ್ತಲಾದರೆ ಹತ್ತಿರ. ದೇವರಿಗೆ ಮರ್ಯಾದೆಯೂ ಆಯಿತು, ನಡಿಗೆಯೂ ಉಳಿಯಿತು. ಅತ್ತೆ ಸಾವಂತ್ರಮ್ಮ ಯಾರಿಗೂ ಬೇಡವೆನ್ನಲಿಲ್ಲ. ಓಣಿಯ ದೇವರೆಲ್ಲ ತನ್ನ ಬಾವಿಗೇ ಬರುತ್ತಾರೆಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಹೋದ ವರ್ಷ ಯುಗಾದಿಗೆ ಮುಂಚೆ ಬಾವಿ ನಾರತೊಡಗಿತು. ದೇವರ ಹೂವು ಬೀಳುವ ಜಾಗ ನಾರಬಾರದು, ಹೂಳು ತೆಗೆಯಿರಿ ಎಂದು ಸಾವಂತ್ರಮ್ಮ ಮಕ್ಕಳಿಗೆ ಹೇಳಿದಳು. ಕಿರಿಯ ಮಗ ಪರಶು ಇಳಿಯಲು ಒಪ್ಪಿದ. ಅವನೇನು ಕಣ್ಣು ಮುಚ್ಚಿಕೊಂಡು ಇಳಿದವನಲ್ಲ. ಹಿರಿಯರು ಕಲಿಸಿದಂತೆ ಬುಟ್ಟಿಯಲ್ಲಿ ದೀಪ ಇಟ್ಟು ತಳದ ತನಕ ಬಿಟ್ಟು ನೋಡಿದ. ದೀಪ ಆರಿದರೆ ಗಾಳಿ ಕೆಟ್ಟಿದೆ, ಉರಿದರೆ ಭಯವಿಲ್ಲ ಎಂಬುದು ಊರಿನ ಲೆಕ್ಕ. ದೀಪ ಚೆನ್ನಾಗಿಯೇ ಉರಿಯಿತು. ಪರಶು ಇಳಿದ, ಹೂಳಿಗೆ ಸಲಿಕೆ ಹಾಕಿದ, ಅಣ್ಣನನ್ನು ಒಮ್ಮೆ ಕರೆದ, ಅಲ್ಲೇ ಕುಸಿದ. ಮೇಲೆ ನಿಂತಿದ್ದ ಅಣ್ಣ, ಹುಲುಗಮ್ಮನ ಗಂಡ ರಂಗಣ್ಣ, ಹಿಂದೆಯೇ ಇಳಿಯಲು ಹೋದಾಗ ನೆರೆಯವರು ಅವನನ್ನು ಅದುಮಿ ಹಿಡಿದರು. ಅಗ್ನಿಶಾಮಕದವರು ಬಂದು ಎತ್ತುವ ಹೊತ್ತಿಗೆ ಪರಶುವಿನ ಜೀವ ಹೋಗಿತ್ತು.

ಅಂದಿನಿಂದ ಆ ಮನೆಯಲ್ಲಿ ಯಾರೂ ಹೊಟ್ಟೆ ತುಂಬ ಉಂಡಿಲ್ಲ. ತಾನು ಇಳಿದಿದ್ದರೆ ತಮ್ಮ ಉಳಿಯುತ್ತಿದ್ದ ಎಂಬುದೊಂದೇ ರಂಗಣ್ಣನ ಕೊರಗು. ಹಿಡಿದವರ ಮುಖವನ್ನೂ ಅವನು ನೋಡುತ್ತಿರಲಿಲ್ಲ. ಸಾವಂತ್ರಮ್ಮನದು ಬೇರೆ ಮಾತು. ದೀಪ ಉರಿದಿತ್ತೆಂದ ಮೇಲೆ ಗಾಳಿ ಸರಿಯಾಗಿಯೇ ಇತ್ತು, ಹಾಗಾದರೆ ಮಗನನ್ನು ಒಯ್ದವಳು ಗಂಗಮ್ಮ. ಹೂಳು ತುಂಬಿ ಅವಳಿಗೆ ಸಿಟ್ಟು ಬಂದಿದೆ, ಬಾವಿ ತೊಳೆದು ಪೂಜೆ ಮಾಡಿದರೆ ತಣ್ಣಗಾಗುತ್ತಾಳೆ. ಬಾವಿ ಮುಚ್ಚಿಸಿ ಎಂದವರಿಗೆ, ಗಂಗಮ್ಮನ ಬಾಯಿಗೆ ಮಣ್ಣು ಹಾಕಿದ ಮನೆ ಉದ್ಧಾರವಾಗದು ಎನ್ನುತ್ತಿದ್ದಳು. ಕೇಳಿದವರು ಹೌದೌದು ಎಂದು ತಲೆಯಾಡಿಸಿ ಹೋಗುತ್ತಿದ್ದರು. ಅವರದೇನು ಹೋಗುತ್ತದೆ, ಇಳಿಯುವವರು ಅವರಲ್ಲವಲ್ಲ.

ಈ ವರ್ಷ ಮತ್ತೆ ಯುಗಾದಿ ಹತ್ತಿರ ಬಂತು. ರಂಗಣ್ಣ ಸಿರುಗುಪ್ಪಕ್ಕೆ ಹೋಗಿ ಹೊಸ ಹಗ್ಗ ತಂದ. ಹುಲುಗಮ್ಮ ಅದು ಯಾಕೆಂದು ಕೇಳಿದಳು.

"ಸೋಮವಾರ ನಾನ ಇಳೀತೀನಿ," ಎಂದ ಅವನು. "ತಮ್ಮ ಬಿಟ್ಟ ಕೆಲಸ ನಾ ಮುಗಸಬೇಕು."

ಅವಳು ಅತ್ತಳು, ಬೈದಳು, ಮಕ್ಕಳ ಮುಖ ತೋರಿಸಿದಳು. ದೀಪ ಬಿಟ್ಟು ನೋಡಿಯೇ ಇಳಿಯುತ್ತೇನೆ, ಹೆದರಬೇಡ ಎಂದು ಅವನು ಸಮಾಧಾನ ಹೇಳಿದ. ಪರಶುವೂ ದೀಪ ನೋಡಿಯೇ ಇಳಿದಿದ್ದ. ಮೈದುನನ ಹಿಂದೆ ಗಂಡನನ್ನೂ ಆ ಬಾವಿ ನುಂಗಿದರೆ ತಾನು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿ ನಿಲ್ಲಲಿ ಎಂದು ಅವಳಿಗೆ ದಿಕ್ಕೇ ತೋಚಲಿಲ್ಲ.

ಬೆಳಗ್ಗೆ ಎದ್ದವಳೇ ಆಶಾ ಕಾರ್ಯಕರ್ತೆ ಅನಿತಾಳ ಮನೆಗೆ ಹೋದಳು. ಇಬ್ಬರೂ ಒಂದೇ ಸ್ತ್ರೀಶಕ್ತಿ ಸಂಘದವರು. ಪರಶುವಿನ ದೇಹದ ಜೊತೆ ದವಾಖಾನೆಗೆ ಹೋಗಿದ್ದವಳು ಅನಿತಾ. ಅಲ್ಲಿ ಡಾಕ್ಟರು ಹೇಳಿದ್ದನ್ನು ತಿಳಿಸಲು ಆಗಲೇ ಒಮ್ಮೆ ಬಂದಿದ್ದಳು, ಸಾವಂತ್ರಮ್ಮ ಬಾಗಿಲಲ್ಲೇ ಕಳಿಸಿಬಿಟ್ಟಿದ್ದಳು. ಈ ಸಲ ಅವಳು ಹುಲುಗಮ್ಮನ ಜೊತೆ ಸೀದಾ ಒಳಗೆ ಬಂದು ರಂಗಣ್ಣನ ಎದುರಿಗೆ ಕೂತಳು.

"ಅಣ್ಣ, ದೀಪ ಯಾಕ ಆರಲಿಲ್ಲ ಗೊತ್ತೈತೇನು? ದೀಪ ಇದ್ದದ್ದು ಹೂಳಿನ ಮ್ಯಾಲ. ವಿಷ ಇದ್ದದ್ದು ಹೂಳಿನ ಒಳಗ. ನಾವೆಲ್ಲಾ ಹಾಕಿದ ಹೂವು, ಕಾಯಿ, ಎಲಿ ಕೊಳತು ಅದರಾಗ ಕೆಟ್ಟ ಗಾಳಿ ಕಟ್ಟಿತ್ತು. ಪರಶು ಸಲಿಕಿ ಹಾಕಿದ ಕೂಡ್ಲೆ ಅದು ಹೊರಗ ಬಂತು. ಒಂದೆರಡು ಉಸಿರು ತಗೊಂಡ್ರ ಸಾಕು, ಎಂಥಾ ಗಟ್ಟಿ ಆಳಾದ್ರೂ ಬೀಳ್ತಾನ."

ಕೆಲವು ಬಾವಿಗಳಲ್ಲಿ ಆ ಗಾಳಿಗೆ ದೀಪದಿಂದ ಬೆಂಕಿಯೇ ಹೊತ್ತಿಕೊಳ್ಳುತ್ತದೆ, ಹಾಗಾಗಿ ದೀಪ ಬಿಡುವುದೇ ತಪ್ಪು ಎಂದೂ ಅವಳು ಹೇಳಿದಳು.

"ಅವತ್ತ ನಾ ಇಳಿದಿದ್ರ?" ಎಂದು ರಂಗಣ್ಣ ಕೇಳಿದ.

"ಎರಡು ಹೆಣ ಎತ್ತತಿದ್ವಿ. ನಿನ್ನ ಹಿಡದವ್ರು ನಿನ್ನ ಜೀವ ಉಳಿಸ್ಯಾರ, ಅಣ್ಣ. ನಿನ್ನ ತಮ್ಮನ್ನ ಉಳಸಾಕ ನಿನ್ನ ಕೈಲಿ ಆಗತಿರಲಿಲ್ಲ."

ರಂಗಣ್ಣ ಹೆಗಲ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಮೂಲೆಯಲ್ಲಿದ್ದ ಸಾವಂತ್ರಮ್ಮನ ಧ್ವನಿ ಕೇಳಿಸಿತು.

"ಹಂಗಾರ ಗಂಗಮ್ಮ ಒಯ್ದಿಲ್ಲ ಅಂತೀಯೇನವ? ಇಳಿ ಅಂತ ಹೇಳಿದಾಕಿ ನಾನು."

ಹುಲುಗಮ್ಮನಿಗೆ ಅತ್ತೆಯ ಹಟದ ಅರ್ಥ ಆಗ ಹೊಳೆಯಿತು. ಗಂಗಮ್ಮನ ಸಿಟ್ಟೆಂದು ನಂಬಿದರೆ ಹೇಗೋ ಬದುಕಬಹುದು, ಗಾಳಿಯೆಂದು ಒಪ್ಪಿದರೆ ಮಗನನ್ನು ತಾನೇ ಕಳಿಸಿದೆನೆಂಬ ಸಂಕಟ ಎದೆಯ ಮೇಲೆ ಕೂರುತ್ತದೆ. ಅವಳು ಹೋಗಿ ಅತ್ತೆಯ ಕೈ ಹಿಡಿದಳು.

"ಅತ್ತಿ, ನಾನೂ ಹೂವು ಹಾಕೀನಿ, ಇಡೀ ಓಣಿನ ಹಾಕೈತಿ. ಆಗ ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಗೈತಿ. ಗೊತ್ತಿದ್ದೂ ಇವರನ್ನ ಇಳಿಸಿದ್ರ ಯಾವ ಗಂಗಮ್ಮನ ಮ್ಯಾಲ ಹಾಕೂಣು?"

ಸಾವಂತ್ರಮ್ಮ ಎದ್ದು ಹೋಗಿ ಹೊಸ ಹಗ್ಗವನ್ನು ತನ್ನ ಕೈಗೆ ತೆಗೆದುಕೊಂಡಳು. "ಮುಚ್ಚಸು, ರಂಗಾ," ಎಂದಳು. "ಉಳದ ಮಗನ್ನ ನಾ ಕಳಸಂಗಿಲ್ಲ."

ಪಂಚಾಯಿತಿಗೆ ತಿಳಿಸಿ ಕೆಲಸ ಹಿಡಿದರು. ಒಬ್ಬರೂ ಒಳಗೆ ಇಳಿಯಲಿಲ್ಲ, ಹೂಳನ್ನು ಯಂತ್ರದ ಬಕೆಟ್ಟಿನಿಂದ ಮೇಲಿಂದಲೇ ಎತ್ತಿಸಿದರು. ಮನೆ ಕೆಡವಿದ ಕಸ ಪುಕ್ಕಟೆ ಸಿಗುತ್ತದೆ, ಅದನ್ನೇ ತುಂಬಿ ಎಂದವರೊಬ್ಬರು. ಕಸದ ವಿಷ ನೆಲಕ್ಕಿಳಿದರೆ ಪಕ್ಕದ ಬೋರಿನ ನೀರೂ ಕೆಡುತ್ತದೆಂದು ಅನಿತಾ ಬಿಡಲಿಲ್ಲ. ಕಲ್ಲು, ಜಲ್ಲಿ, ಮರಳು, ಒಳ್ಳೆಯ ಮಣ್ಣು ಹಾಕಿ ಅದುಮುತ್ತ ಬಂದು, ಮೇಲೆ ಜಿಗಟು ಮಣ್ಣು ಹಾಕಿ ಮಳೆನೀರು ನಿಲ್ಲದಂತೆ ದಿಬ್ಬ ಮಾಡಿದರು. ಅದಕ್ಕೆ ಮುಂಚೆ ಸಾವಂತ್ರಮ್ಮ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಾಡುವಂತೆ, ಗಂಗಮ್ಮನಿಗೆ ಉಡಿ ತುಂಬಿದಳು. ಉಡಿಯ ಅಕ್ಕಿ, ಕುಬಸದ ಬಟ್ಟೆ, ಬಳೆ ಈ ಸಲ ಬಾವಿಗೆ ಬೀಳಲಿಲ್ಲ, ಕಟ್ಟೆಗೆ ಮುಟ್ಟಿಸಿ ಓಣಿಯ ಬಾಣಂತಿಯೊಬ್ಬಳಿಗೆ ಕೊಟ್ಟಳು. ಆಮೇಲೆ ಒಳಗೆ ಹೋಗಿ ಪರಶುವಿನ ಅಂಗಿ ಹಿಡಿದುಕೊಂಡು ಅತ್ತಳು. ಯಾರೂ ಅವಳಿಗೆ ಸುಮ್ಮನಿರು ಎನ್ನಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲಲ್ಲೂ ಇಂಥದೊಂದು ಬಾವಿ ಇದ್ದೀತು. ದೀಪವನ್ನು ನಂಬಿ ಯಾರನ್ನೂ ಅದರೊಳಗೆ ಇಳಿಸಬೇಡಿ. ಪೂಜೆಯ ಹೂವಿಗೆ ಬೇರೆ ಗುಂಡಿ ತೆಗೆಯಿರಿ, ಗೊಬ್ಬರವಾಗಿ ಗಿಡಕ್ಕೆ ಸೇರಲಿ. ಬಾವಿ ಬೇಡವಾದರೆ ಪಂಚಾಯಿತಿಯವರನ್ನು ಕೇಳಿ ಸರಿಯಾಗಿ ಮುಚ್ಚಿಸಿ, ಬೇಕಾದರೆ ಕಟ್ಟೆ ಎತ್ತರಿಸಿ ಗಟ್ಟಿ ಕಬ್ಬಿಣದ ಜಾಲರಿ ಹಾಕಿಸಿ. ಯಾರಾದರೂ ಒಳಗೆ ಬಿದ್ದರೆ, ಅವರು ಹೊಟ್ಟೆಯ ಮಗನೇ ಆಗಿರಲಿ, ಹಿಂದೆ ಇಳಿಯಬೇಡಿ, ಇಳಿಯುವವರನ್ನು ಹಿಡಿದು ನಿಲ್ಲಿಸಿ, 112ಕ್ಕೆ ಫೋನ್ ಮಾಡಿ. ಸಾವಂತ್ರಮ್ಮನಿಗೆ ಇದನ್ನು ಹೇಳುವವರು ಬಂದದ್ದು ಮಗ ಹೋದ ಮೇಲೆ. ನಿಮಗೆ ಇವತ್ತೇ ಹೇಳುತ್ತಿದ್ದೇವೆ.