ನಾಲ್ಕನೇ ಕ್ರೇನಿನವಳು

ಗಾಳಿಯಿಲ್ಲ, ಇದೆಂಥ ಕೋಣೆ, ಮೇಲೆ ಏಸಿ ಗುಂಯ್‌ಗುಡುತ್ತಿದೆ, ಮೈ ತಣ್ಣಗಾಗುತ್ತಿದೆ, ಆದರೆ ಗಾಳಿ ಅನ್ನುವಂಥದ್ದು ಇಲ್ಲ, ಮೇಜಿನ ಮೇಲಿನ ಲೋಟದಲ್ಲಿ ನೀರು ಅಲುಗಾಡದೆ ಕೂತಿದೆ — ಮೇಲೆ ಕ್ಯಾಬಿನ್ನಿನಲ್ಲಾಗಿದ್ದರೆ ಬಾಟಲಿಯ ನೀರೇ ಹೇಳುತ್ತಿತ್ತು, ಇವತ್ತು ಗಾಳಿ ಎಷ್ಟು, ಯಾವ ಕಡೆಯದು, ಕ್ರೇನಿನ ಮೈ ಎಷ್ಟು ತೂಗುತ್ತಿದೆ ಎಂದು. ಹದಿನಾಲ್ಕು ವರ್ಷ ಆ ಬಾಟಲಿಯನ್ನು ಕಣ್ಣಂಚಿನಲ್ಲಿಟ್ಟುಕೊಂಡು ಅವಳು ಹಡಗುಗಳಿಂದ ಪೆಟ್ಟಿಗೆ ಇಳಿಸಿದ್ದಾಳೆ, ಮನೆಯಷ್ಟು ಉದ್ದದ ಕಬ್ಬಿಣದ ಪೆಟ್ಟಿಗೆಗಳು, ಒಂದೊಂದೂ ಇಪ್ಪತ್ತು ಮೂವತ್ತು ಟನ್ನು, ಲಾರಿಯ ಮೇಲೆ ಇಟ್ಟಾಗ ಒಳಗೆ ಕೂತ ಡ್ರೈವರಿಗೆ ಇಟ್ಟದ್ದೇ ತಿಳಿಯಬಾರದು, ಹಾಗೆ. ಎಷ್ಟೋ ಸಲ ತಿಳಿಯುತ್ತಲೂ ಇರಲಿಲ್ಲ, ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ, ಏನಕ್ಕಾ, ಇನ್ನೂ ಇಳಿಸಲ್ವಾ, ಎಂದು ಕೈ ಆಡಿಸುತ್ತಿದ್ದ, ಕೆಳಗಿನವರು ನಕ್ಕು ಹೋಗೋ ಹೋಗೋ ಎಂದು ಬಾಗಿಲು ಬಡಿಯುತ್ತಿದ್ದರು. ಈಗ ಈ ಕುರ್ಚಿ, ಚಕ್ರವಿರುವ, ಗಿರಗಿರ ಸುತ್ತುವ, ಗುಮಾಸ್ತರ ಕುರ್ಚಿ, ಎದುರಿಗೆ ಒಂಬತ್ತು ಪರದೆ, ದೂರದ ಕ್ರೇನನ್ನು ಇಲ್ಲಿಂದಲೇ ಆಡಿಸಲು ಎರಡು ಕೈಗೆ ಎರಡು ಪುಟ್ಟ ಲಿವರು, ಮತ್ತು ಕಾಲ ಕೆಳಗೆ, ನೋಡಬಾರದು, ಕಾಲ ಕೆಳಗೆ ಮಾತ್ರ ನೋಡಬಾರದು. ಶುರು ಮಾಡೋಣ್ವಾ ಮೇಡಂ, ನಾಲ್ಕು ಪೆಟ್ಟಿಗೆ, ಹನ್ನೆರಡು ನಿಮಿಷ, ಎನ್ನುತ್ತಾರೆ ಹಿಂದೆ ನಿಂತ ಟ್ರೇನರು, ಅಂದವಾಗಿ ಕತ್ತರಿಸಿದ ಗಡ್ಡ, ಕೈಯಲ್ಲಿ ಗಡಿಯಾರ, ಕಂಕುಳಲ್ಲಿ ಕಾಗದ ಸಿಕ್ಕಿಸಿದ ಹಲಗೆ. ಗಂಟೆ ಹನ್ನೊಂದಕ್ಕೆ ಎರಡು ನಿಮಿಷ ಇದೆ. ಸರಿ ಸರ್, ಎನ್ನುತ್ತಾಳೆ.

ಹನ್ನೊಂದು ಗಂಟೆಗೇ ಆಗಬೇಕಿತ್ತೇ ಈ ಪರೀಕ್ಷೆ, ಅತ್ತೆ ಈಗ ಮಹಡಿ ಹತ್ತುವ ಹೊತ್ತು, ಬಟ್ಟೆ ಒಣಹಾಕುವ ನೆಪ, ಬಕೆಟ್ಟಿನಲ್ಲಿ ಎರಡೇ ಟವೆಲ್ಲಿದ್ದರೂ ಹತ್ತುತ್ತಾರೆ. ಕ್ಯಾಬಿನ್ನಿನ ಹಿಂದಿನ ಕಿಟಕಿಯಿಂದ ಊರ ಕಡೆ ತಿರುಗಿದರೆ ಸಾಲು ಸಾಲು ಮಹಡಿ, ಅದರಲ್ಲೊಂದು ಕಪ್ಪು ನೀರಿನ ಟ್ಯಾಂಕು, ಅಂಗಿಯ ಗುಂಡಿಯಷ್ಟೇ ಕಾಣುವುದು, ಅದರ ಪಕ್ಕದಲ್ಲಿ ಒಂದು ಚುಕ್ಕೆ. ಅದೇ ಅತ್ತೆ. ಕೆಲಸಕ್ಕೆ ಸೇರಿದ ಮೊದಲ ವಾರ ಊಟದ ತಟ್ಟೆ ಮುಂದಿಟ್ಟುಕೊಂಡು ಕೇಳಿದ್ದರು, ಅಷ್ಟು ಮೇಲೆ ಕೂತಿರ್ತೀಯಲ್ಲ, ನೀನು ನೆಟ್ಟಗಿದ್ದೀಯ ಅಂತ ನನಗೆ ಹೇಗೆ ಗೊತ್ತಾಗ್ಬೇಕು, ಅವಳು ನಕ್ಕು, ಹನ್ನೊಂದಕ್ಕೆ ಮಹಡಿಗೆ ಹೋಗಿ ನೋಡಿ ಅತ್ತೆ, ನಾಲ್ಕನೇ ಕ್ರೇನು, ಖಾಲಿ ಚೌಕಟ್ಟನ್ನ ಒಂದ್ಸಲ ಇಳಿಸಿ ಎತ್ತುತ್ತೀನಿ, ಅಂದರೆ ನಾನು ನೆಟ್ಟಗಿದ್ದೀನಿ ಅಂತ. ಹಗ್ಗಗಳಿಗೆ ನೇತುಬಿದ್ದ ಆ ಕಬ್ಬಿಣದ ಚೌಕಟ್ಟು, ಪೆಟ್ಟಿಗೆಯನ್ನು ನಾಲ್ಕು ಮೂಲೆಯಲ್ಲಿ ಕಚ್ಚಿ ಹಿಡಿಯುವಂಥದ್ದು, ದಿನಕ್ಕೊಮ್ಮೆ ಏನೂ ಕಚ್ಚದೆ ಸುಮ್ಮನೆ ಇಳಿದು ಸುಮ್ಮನೆ ಏರಿದೆ, ಹದಿನಾಲ್ಕು ವರ್ಷ, ಯಾರೂ ಕೇಳಿಲ್ಲ, ಕೇಳಿದ್ದರೆ ಹಗ್ಗ ನೋಡಿದೆ ಎನ್ನುತ್ತಿದ್ದಳು. ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ, ನನ್ನ ಸೊಸೆ ಹಡಗು ಎತ್ತುತ್ತಾಳೆ, ಹಡಗಲ್ಲ ಅತ್ತೆ, ಹಡಗಿನೊಳಗಿನ ಪೆಟ್ಟಿಗೆ, ಇರಲಿ ಬಿಡು, ಅವರಿಗೇನು ಗೊತ್ತಾಗುತ್ತೆ. ಆದರೆ ಅವರಿಗೆ ಗೊತ್ತು. ಚೌಕಟ್ಟಿನ ಸನ್ನೆಯೊಂದೇ ಅಲ್ಲ, ಪೆಟ್ಟಿಗೆ ಇಳಿಯುವ ರೀತಿ ನೋಡಿಯೇ ಅವರು ಹೇಳಿಬಿಡುತ್ತಾರೆ, ಇವಳು ರಜೆ ಹಾಕಿ ಮನೆಯಲ್ಲಿದ್ದ ದಿನ ಮಹಡಿಯಿಂದ ಇಳಿದು ಬಂದು, ಇವತ್ತು ಯಾರೋ ನಿನ್ನ ಕುರ್ಚೀಲಿ ಕೂತಿದಾನೆ, ದಡಬಡ ಅಂತ ಇಡ್ತಿದಾನೆ, ಅಡುಗೆ ಬರದವನ ಹಾಗೆ. ಹೋದ ವಾರವೂ ಹಾಗೇ ಹೇಳಿದರು. ಯಾರೇ ಅದು ನಾಲ್ಕನೇದರಲ್ಲಿ, ಕುಡಿದು ಬಂದವನ ಹಾಗೆ ಆಡಿಸ್ತಿದ್ದ. ಅದು ಅವಳೇ. ಈ ಕೋಣೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದಳು, ಹೇಳಲಾಗಲಿಲ್ಲ, ಯಾರೋ ಹೊಸಬರು ಅತ್ತೆ ಎಂದು ತಟ್ಟೆಯ ಮೇಲೆ ಬಗ್ಗಿ ಊಟ ಮಾಡಿದಳು.

ಮೊದಲನೇ ಪೆಟ್ಟಿಗೆ, ನೀಲಿ, ಹಡಗಿನ ಅಂಚಿನದು, ಹಿಡಿ, ಮೂರನೇ ಪರದೆಯಲ್ಲಿ ನಾಲ್ಕು ಹಸಿರು ದೀಪ, ಕಚ್ಚಿತು, ಎತ್ತು. ಬೆನ್ನಿಗೆ ಏನೂ ತಿಳಿಯುವುದಿಲ್ಲವಲ್ಲ, ಮೇಲೆ ಕೂತಿದ್ದಾಗ ಪೆಟ್ಟಿಗೆಯ ಭಾರ ಮೊದಲು ಬರುತ್ತಿದ್ದದ್ದು ಬೆನ್ನಿಗೆ, ಆಮೇಲೆ ಕೈಗೆ, ಕಣ್ಣಿಗೆ ಎಲ್ಲಕ್ಕಿಂತ ಕೊನೆಗೆ, ಮೀಸೆ ಮಾಮ ಕಲಿಸಿದ್ದೇ ಹಾಗೆ, ಬೆನ್ನಲ್ಲಿ ನೋಡು ಮಗಳೇ, ಕಣ್ಣು ಸುಳ್ಳು ಹೇಳುತ್ತೆ. ಮೊದಲ ಸಲ ಹತ್ತಿದ ದಿನ ಇನ್ನೂರ ಹನ್ನೆರಡು ಮೆಟ್ಟಿಲು, ಅವಳ ಹಿಂದೆ ಮೀಸೆ ಮಾಮ, ಕೆಳಗೆ ಗುಂಪು ಕಟ್ಟಿ ನಿಂತವರು, ಅರ್ಧಕ್ಕೇ ಅಳ್ತಾಳೆ ನೋಡ್ತಿರು ಎಂದು ಹಲ್ಲು ಕಿರಿದವರು, ಅವಳು ಅತ್ತದ್ದು ನಿಜ, ಆದರೆ ಮೇಲೆ ಮುಟ್ಟಿದ ಮೇಲೆ, ಕಡಲು ಅಷ್ಟು ದೊಡ್ಡದು ಅಂತ ಗೊತ್ತೇ ಇರಲಿಲ್ಲ. ಆ ಮೀಸೆ ಮಾಮ ಈಗ ಗೇಟಿನಲ್ಲಿ ಕೂತಿದ್ದಾರೆ, ಒಳಬರುವ ಲಾರಿಗಳಿಗೆ ಚೀಟಿ ಬರೆದು ಕೊಡುತ್ತಾ, ಹೋದ ತಿಂಗಳು ಇದೇ ಕುರ್ಚಿಯಲ್ಲಿ ಇದೇ ನಾಲ್ಕು ಪೆಟ್ಟಿಗೆಗೆ ಇಪ್ಪತ್ತು ನಿಮಿಷ ಹಿಡಿದು ಎದ್ದು ಹೋದವರು, ಬಂದರಿಗೇ ಗುರುವಾಗಿದ್ದವರು. ಪಾಸಾಗದವರಿಗೆ ಗೇಟು, ಅಷ್ಟೇ ಲೆಕ್ಕ, ಮೇಲಿನ ಕ್ಯಾಬಿನ್ನುಗಳಿಗೆ ಬೀಗ ಬೀಳುತ್ತಿದೆ. ಇವಳೂ ಈ ಹೊತ್ತು ಎಡವಿದರೆ ನಾಳೆಯಿಂದ ಅವರ ಪಕ್ಕದಲ್ಲಿ ಇನ್ನೊಂದು ಕುರ್ಚಿ. ಬೆಳಿಗ್ಗೆ ಗೇಟು ದಾಟುವಾಗ ಅವರು ಮೀಸೆ ಸವರಿ, ಕಾಲ ಕೆಳಗೆ ನೋಡ್ಬೇಡ ಮಗಳೇ, ಎಂದು ಅಷ್ಟೇ ಹೇಳಿದರು, ಅವರಿಗೆ ನಗು ಬಂತೋ ಅಳು ಬಂತೋ, ಮೀಸೆಯಲ್ಲಿ ಏನೂ ಕಾಣಲಿಲ್ಲ.

ಕಾಲ ಕೆಳಗೆ ಗಾಜಿರುತ್ತಿತ್ತು. ಕ್ಯಾಬಿನ್ನಿನ ನೆಲವೇ ಗಾಜು, ಎರಡು ಪಾದಗಳ ನಡುವೆ ಬಗ್ಗಿದರೆ ಅಷ್ಟು ಕೆಳಗೆ ಪೆಟ್ಟಿಗೆಯ ನೆತ್ತಿ, ಲಾರಿ, ಮನುಷ್ಯರು, ಯಾರು ಯಾರೆಂದು ನಡಿಗೆಯಲ್ಲೇ ತಿಳಿಯುತ್ತಿತ್ತು. ಇಲ್ಲಿ ಮೊದಲ ದಿನ ಪೆಟ್ಟಿಗೆ ಇಳಿಸುವ ಹೊತ್ತಿಗೆ ಎಂದಿನಂತೆ ಬಗ್ಗಿ ಕಾಲ ಸಂದಿಯಲ್ಲಿ ನೋಡಿದಳು, ಕಂದು ಬಣ್ಣದ ಕಾರ್ಪೆಟ್ಟು, ಮೇಲೊಂದು ಪಿನ್ನು, ಅಷ್ಟರಲ್ಲಿ ಪೆಟ್ಟಿಗೆ ಹಲಗೆಗೆ ಬಡಿದು ಪರದೆಯಲ್ಲಿ ಲಾರಿಯೇ ಕುಣಿದದ್ದು ಕಂಡು ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು, ಏನು ಹುಡುಕ್ತಿದ್ದೀರಿ ಮೇಡಂ, ಚಪ್ಪಲಿನಾ. ಅವಳು ಇಂಗು ತಿಂದ ಮಂಗನಂತೆ ಕೂತಳು. ಕ್ರೇನು ಹತ್ತದವನು ಯಾರೂ ಈ ತಪ್ಪು ಮಾಡಲಾರ, ಇದೊಂದು ತಪ್ಪು ಮಾಡಬೇಕಾದರೂ ಹದಿನಾಲ್ಕು ವರ್ಷದ ಸರ್ವೀಸು ಬೇಕು, ಈ ಮಾತು ಅವಳಿಗೆ ಹೊಳೆದದ್ದು ರಾತ್ರಿ ಪಾತ್ರೆ ತೊಳೆಯುವಾಗ, ಹೊಳೆದು ಏನು ಬಂತು, ನಕ್ಕವರೆಲ್ಲ ಮನೆಗೆ ಹೋಗಿ ಮಲಗಿದ್ದರು. ಈಗ ಬಗ್ಗದೆ ಇಟ್ಟಳು. ನೀಲಿ ಪೆಟ್ಟಿಗೆ ಕೂತಿತು, ಸದ್ದಿಲ್ಲ, ಸದ್ದೇ ಬರದ ಕೋಣೆಯಿದು, ಆದರೂ ಸದ್ದಾಗಿಲ್ಲ ಎಂದು ಅವಳಿಗೆ ಗೊತ್ತು. ಮೂರು ನಿಮಿಷ ಹತ್ತು ಸೆಕೆಂಡು, ಎನ್ನುತ್ತಾರೆ ಟ್ರೇನರು. ತಡವಾಯಿತು.

ಎರಡನೆಯದು ಕೆಂಪು, ಮೂಲೆಗೆ ತುಕ್ಕು ಹಿಡಿದದ್ದು. ತೂಗುತ್ತಿದೆ, ತೂಗಲಿ, ಹಿಡಿಯಬೇಡ, ಈ ಕೋಣೆಯ ಗುಟ್ಟು ಅದೇ, ಅದು ತಿಳಿಯಲು ಅವಳಿಗೆ ಮೂರು ವಾರ ಹಿಡಿಯಿತು. ಮೇಲಿದ್ದಾಗ ಪೆಟ್ಟಿಗೆ ಅತ್ತ ತೂಗುವ ಮೊದಲೇ ಅವಳ ಕೈ ಅತ್ತ ಹೋಗಿ ಹಿಡಿದುಬಿಡುತ್ತಿತ್ತು, ಇಲ್ಲಿ ಚಿತ್ರ ಬರುವುದೇ ಚೂರು ತಡ, ಕಣ್ಣು ಮಿಟುಕಿಸುವಷ್ಟು ತಡ, ಅವಳು ಪರದೆ ನೋಡಿ ಹಿಡಿಯಲು ಹೋದಾಗ ಅಲ್ಲಿ ನಿಜವಾದ ಪೆಟ್ಟಿಗೆ ಆಗಲೇ ಇತ್ತ ಬಂದಿರುತ್ತಿತ್ತು, ಹಿಡಿದಷ್ಟೂ ಹೆಚ್ಚು ತೂಗುವುದು, ಅದಕ್ಕೇ ಕುಡಿದವನ ಹಾಗೆ. ಕೈ ಚುರುಕಿದ್ದವರೇ ಇಲ್ಲಿ ಮೊದಲು ಸೋತದ್ದು. ಮೀಸೆ ಮಾಮ ಸೋತದ್ದು ಕೈ ಬರದೆ ಅಲ್ಲ, ಕೈ ಅಷ್ಟು ಚೆನ್ನಾಗಿ ಬಂದಿತ್ತು ಎಂದು, ಇದನ್ನು ಗೇಟಿಗೆ ಹೋಗಿ ಅವರಿಗೆ ಹೇಳಬೇಕು, ಇವತ್ತೇ ಹೇಳಬೇಕು. ಒಂದು ಉಸಿರು ಬಿಟ್ಟು ಆಮೇಲೆ ಕೈ, ಹಾಗೆ ತನ್ನ ಕೈಗೆ ತಾನೇ ಬುದ್ಧಿ ಹೇಳಿದ್ದಾಳೆ, ಹಟಮಾರಿ ಮಗುವಿಗೆ ಹೇಳಿದಂತೆ, ತಾಳು, ತಾಳು, ಈಗ. ಆಮೇಲೆ ನೆರಳು. ಅದನ್ನು ಯಾರೂ ಕಲಿಸಲಿಲ್ಲ, ಟ್ರೇನರ ಪುಸ್ತಕದಲ್ಲೂ ಇಲ್ಲ, ಐದನೇ ಪರದೆಯ ಮೂಲೆಯಲ್ಲಿ ನೆಲದ ಮೇಲೆ ಪೆಟ್ಟಿಗೆಯ ನೆರಳು ಬೀಳುವುದನ್ನು ಒಂದು ದಿನ ಅವಳೇ ಕಂಡಳು, ಪೆಟ್ಟಿಗೆ ಇಳಿದಂತೆ ನೆರಳು ಹತ್ತಿರ ಬರುತ್ತದೆ, ಎರಡರ ನಡುವಿನ ಬಿಳಿ ಪಟ್ಟಿ ತೆಳ್ಳಗಾಗುತ್ತದೆ, ದಾರದಷ್ಟಾಗುತ್ತದೆ, ಇಲ್ಲವಾಗುತ್ತದೆ, ಅಷ್ಟೇ, ಕೂತಿತು. ಎರಡು ನಿಮಿಷ ನಲವತ್ತು. ಮೂರನೆಯದು ಹಸಿರು, ಎರಡು ನಿಮಿಷ ಮೂವತ್ತು, ಚೆನ್ನಾಗಿದೆ ಮೇಡಂ, ಎನ್ನುತ್ತಾರೆ ಹಿಂದಿನಿಂದ, ಅವಳ ಬೆನ್ನು ಅದನ್ನು ಕೇಳಿಸಿಕೊಂಡು ಸ್ವಲ್ಪ ನೆಟ್ಟಗಾಗುತ್ತದೆ.

ನಾಲ್ಕನೆಯದು ಬಿಳಿ, ಎಲ್ಲಕ್ಕಿಂತ ಭಾರ, ಪರದೆಯಲ್ಲಿ ಮೂವತ್ತೊಂದು ಟನ್ನು ಎಂದು ಬರೆದಿದೆ, ಬರೆಯದಿದ್ದರೆ ಅವಳಿಗೆ ತಿಳಿಯುತ್ತಿರಲಿಲ್ಲ, ಅದೊಂದು ನೋವು ಇದ್ದೇ ಇದೆ, ಇರಲಿ. ನೀರು ದಾಟಿ ಧಕ್ಕೆಯ ಕಟ್ಟೆಯ ಮೇಲೆ ಬಂತು, ಲಾರಿ ಕೆಳಗಿದೆ, ಇಳಿಸು, ಇಳಿಸು, ನೆರಳು ಎಲ್ಲಿ — ನೆರಳಿಲ್ಲ. ಮೋಡ. ಐದನೇ ಪರದೆ ಪೂರಾ ಬೂದಿ ಬಣ್ಣ, ನೆಲ ಯಾವುದು ಹಲಗೆ ಯಾವುದು, ಕೈ ನಿಂತಿತು, ಪೆಟ್ಟಿಗೆ ಆಳೆತ್ತರದಲ್ಲಿ ನೇತಾಡುತ್ತಿದೆ. ಯಾಕೆ ನಿಲ್ಲಿಸಿದ್ರಿ, ಎನ್ನುತ್ತಾರೆ. ಮೋಡ ಬಂತು ಸರ್. ಯಂತ್ರಕ್ಕೆ ಬಿಸಿಲು ಬೇಡ ಮೇಡಂ. ಯಂತ್ರಕ್ಕೆ ಬೇಡ ಸರ್, ನನಗೆ ಬೇಕಿತ್ತು. ಗೇಟಿನ ಕುರ್ಚಿ, ಚೀಟಿ ಪುಸ್ತಕ, ಅತ್ತೆ ಮಹಡಿಯಲ್ಲಿ ನಿಂತಿದ್ದಾರೆ, ಹನ್ನೊಂದು ಕಳೆದು ಎಷ್ಟೋ ಹೊತ್ತಾಯಿತು, ಸನ್ನೆ ಬಂದಿಲ್ಲ, ಕಪ್ಪು ಟ್ಯಾಂಕಿನ ಪಕ್ಕ ಆ ಚುಕ್ಕೆ, ಹಣೆಗೆ ಕೈ ಅಡ್ಡ ಹಿಡಿದು, ನಾಲ್ಕನೇ ಕ್ರೇನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ, ಯಾರೇ ಅದು, ಯಾಕೆ ನಿಲ್ಲಿಸಿಬಿಟ್ಟ. ತಲೆ ತಾನಾಗಿ ಬಗ್ಗಲು ಹೊರಟಿತು, ಕಾಲ ಸಂದಿಗೆ, ಗಾಜಿಗೆ. ಬಗ್ಗಲಿಲ್ಲ. ನಾನೇ ಅತ್ತೆ, ಬೇರೆ ಯಾರೂ ಅಲ್ಲ, ನೋಡ್ತಿರಿ. ಒಂದು ಉಸಿರು, ಇಳಿಸು, ನಿಲ್ಲು, ಒಂದು ಉಸಿರು, ಇಳಿಸು, ನೆರಳಿಲ್ಲದಿದ್ದರೇನು, ಆ ಬಿಳಿ ಪಟ್ಟಿ ತೆಳ್ಳಗಾಗುವ ಲಯ ಮೂರು ವಾರದಲ್ಲಿ ಕೈಗೆ ಬಂದು ಕೂತಿದೆ, ಅವಳಿಗೇ ಹೇಳದೆ ಬಂದು ಕೂತಿದೆ, ಬೆನ್ನಿಗೆ ಬಂದಿದ್ದಂತೆಯೇ, ಹಾಗಾದರೆ ಮೈ ಇನ್ನೂ ಕಲಿಯುತ್ತಿದೆ, ನಲವತ್ತಾರನೇ ವಯಸ್ಸಿಗೂ ಕಲಿಯುತ್ತಿದೆ, ಈ ಸಂತೋಷವನ್ನು ಯಾರಿಗೆ ಹೇಳುವುದು, ದಾರದಷ್ಟಾಯಿತು, ಈಗ, ಈಗ ಇಲ್ಲವಾಯಿತು. ನಾಲ್ಕು ಹಸಿರು ದೀಪವೂ ಆರಿತು, ಚೌಕಟ್ಟು ಪೆಟ್ಟಿಗೆ ಬಿಟ್ಟಿತು. ಏಳನೇ ಪರದೆಯಲ್ಲಿ ಲಾರಿಯ ಕಿಟಕಿಯಿಂದ ಒಂದು ತಲೆ ಹೊರಬಂದು ಮೇಲೆ ನೋಡುತ್ತದೆ, ಕೈ ಆಡಿಸುತ್ತದೆ, ಬಾಯಿ ಅಲುಗುತ್ತದೆ, ಶಬ್ದವಿಲ್ಲ, ಆದರೂ ಆ ಮಾತು ಅವಳಿಗೆ ಬಾಯಿಪಾಠ, ಏನಕ್ಕಾ, ಇನ್ನೂ ಇಳಿಸಲ್ವಾ.

ಹನ್ನೊಂದು ನಿಮಿಷ ಐವತ್ತು, ಎನ್ನುತ್ತಾರೆ ಟ್ರೇನರು, ಹಲಗೆಯ ಮೇಲೆ ಏನೋ ಗೀಚುತ್ತಾ, ಪಾಸು ಮೇಡಂ, ನಾಳೆಯಿಂದ ಈ ಕುರ್ಚಿ ನಿಮ್ಮದು, ಚೌಕಟ್ಟನ್ನ ಮೇಲೆ ನಿಲ್ಲಿಸಿ ಎದ್ದುಬಿಡಿ. ಕಣ್ಣು ತುಂಬಿಕೊಂಡಿತು, ಇವರ ಮುಂದೆ ಬೇಡ, ಅವಳು ಚೌಕಟ್ಟನ್ನು ಮೇಲೆತ್ತಿದಳು, ಪೂರ್ತಿ ಮೇಲೆ, ಎದ್ದುಬಿಡಬಹುದು, ಏಳಲಿಲ್ಲ. ಇಳಿಸಿದಳು, ಏನೂ ಕಚ್ಚದೆ, ಖಾಲಿ, ಒಂದು ಉಸಿರು ನಿಲ್ಲಿಸಿ, ಎತ್ತಿದಳು. ಅದೇನು ಮಾಡಿದ್ರಿ. ಹಗ್ಗ ನೋಡಿದೆ ಸರ್. ಓ, ಒಳ್ಳೆ ಅಭ್ಯಾಸ, ಎನ್ನುತ್ತಾರೆ, ಬರೆದುಕೊಳ್ಳುತ್ತಾರೆ, ಎಲ್ಲರಿಗೂ ಹೇಳಿಕೊಡೋಣ, ಕೊನೇಲಿ ಒಂದ್ಸಲ ಹಗ್ಗ ನೋಡ್ಬೇಕು ಅಂತ — ನಗು ಬರುತ್ತಿದೆ, ತುಟಿ ಕಚ್ಚಿ ಹಿಡಿಯುತ್ತಾಳೆ, ಎಲ್ಲ ಕ್ರೇನುಗಳೂ ಇನ್ನು ದಿನಾ ಅತ್ತೆಗೆ ಸನ್ನೆ ಮಾಡುತ್ತವೆ, ಮಾಡಲಿ, ಅವರಿಗೆ ಗೊತ್ತಾಗುತ್ತದೆ ಯಾರ ಕೈ ಯಾವುದು, ಗೊತ್ತಾಗಿಯೇ ಆಗುತ್ತದೆ, ಮೇಲೆ ಕ್ಯಾಬಿನ್ನು ಖಾಲಿಯಿದೆ, ಬಾಟಲಿಯ ನೀರು ಒಂದೇ ಅಲುಗುತ್ತಿರಬೇಕು, ಒಂಬತ್ತು ಪರದೆಯಲ್ಲಿ ಒಂದರಲ್ಲೂ ಮಹಡಿ ಕಾಣುವುದಿಲ್ಲ, ಹುಡುಕಿ ಆಗಿದೆ, ಮೂರು ವಾರ ಹುಡುಕಿ ಆಗಿದೆ, ಕಾಣದಿದ್ದರೇನು, ಅಲ್ಲಿದೆ, ಕಪ್ಪು ಟ್ಯಾಂಕು, ಗುಂಡಿಯಷ್ಟು, ಅದರ ಪಕ್ಕ ಒಂದು ಚುಕ್ಕೆ, ಹಣೆಗೆ ಅಡ್ಡ ಹಿಡಿದ ಕೈ, ಕೈ ಈಗ ಕೆಳಗಿಳಿಯುತ್ತದೆ, ಬಕೆಟ್ಟು ಎತ್ತಿಕೊಳ್ಳುತ್ತದೆ, ಕಪ್ಪು ಟ್ಯಾಂಕು, ಅದರ ಪಕ್ಕ ಒಂದು ಚುಕ್ಕೆ